ಅತ್ತೆಯ ಒಡವೆ, ಅಳಿಯನ ದಾನ: ಅಮೆರಿಕಾದ ಧಾನ್ಯ ನಿಷೇಧ ನಮಗೆ ಹೇಳುವುದೇನು?

(ರೈತರ ಅಧ್ಯಯನ ಶಿಬಿರವೊಂದರಲ್ಲಿ ಮಾಡಿದ ಭಾಷಣ. ಪತ್ರಿಕೆಯ ಓದುಗರಿಗಾಗಿ ಬರೆದುಕೊಟ್ಟದ್ದು.)



ಅಮೆರಿಕಾದ ವಿದೇಶಾಂಗ ನೀತಿಯ ಬಗ್ಗೆ ಮಾತಾಡ್ತೀನಿ ಅಂತ ನಾನು ಎದ್ದು ನಿಂತಾಗ ಶಿಬಿರದಲ್ಲಿ ಕೆಲವರು ಮುಖ ಮುಖ ನೋಡಿಕೊಂಡರು. ಈ ಪುಟ ತೆರೆದ ನಿಮಗೂ ಹಾಗೇ ಅನ್ನಿಸಬಹುದು. ಮಾರುಕಟ್ಟೆ ಅಂಗಳದಲ್ಲಿ ನಡೆಯುವ ತೂಕದ ಮೋಸವನ್ನೇ ತಡೆಯಲಾಗದ ನಮಗೆ ವಾಷಿಂಗ್ಟನ್ನಿನ ಉಸಾಬರಿ ಏಕೆ ಅಂತ ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ಉತ್ತರ ಹೇಳ್ತೀನಿ, ಸ್ವಲ್ಪ ತಾಳ್ಮೆ ಇರಲಿ.

ಒಂದು ಸರ್ಕಾರ ಇನ್ನೊಂದು ದೇಶಕ್ಕೆ ಬುದ್ಧಿ ಕಲಿಸಬೇಕು ಅಂತ ಹೊರಟಾಗ ಸುಲಭವಾಗಿ ಕೈಗೆ ಸಿಗುವುದು ರೈತನ ಕಣಜ. ಸಿಪಾಯಿಗಳನ್ನು ಕಳಿಸಿದರೆ ಹೆಣಗಳು ಬರ್ತವೆ, ಮನೆಮನೆಯಲ್ಲಿ ಅಳು ಕೇಳುತ್ತೆ, ಮುಂದಿನ ಚುನಾವಣೆಯಲ್ಲಿ ಓಟು ಹೋಗುತ್ತೆ. ಧಾನ್ಯದ ಹಡಗು ತಡೆದರೆ ಅಷ್ಟು ಸದ್ದಾಗೋದಿಲ್ಲ. ಆದರೆ ಖರ್ಚು ಅಂತೂ ಆಗುತ್ತೆ. ಆ ಖರ್ಚನ್ನು ಯಾರ ಲೆಕ್ಕಕ್ಕೆ ಬರೆದರು ಅನ್ನೋದೇ ನನ್ನ ವಿಷಯ. ಅಮೆರಿಕಾದಲ್ಲಿ 1980ರಿಂದ 1983ರವರೆಗೆ ಇದೇ ಪ್ರಶ್ನೆಯ ಮೇಲೆ ದೊಡ್ಡ ಜಗಳ ನಡೆಯಿತು. ಜಗಳ ಆಡಿದವರು ಎಡಪಂಥದವರು ಮತ್ತು ಬಲಪಂಥದವರು ಅಂತ ತಿಳಿಯಬೇಡಿ. ಬಲಪಂಥೀಯರೇ ಒಬ್ಬರ ಮೇಲೊಬ್ಬರು ಬಿದ್ದು ಜಗಳವಾಡಿದರು. ಅದರಲ್ಲಿ ನಮಗೆ ಬೇಕಾದ ಪಾಠ ಇದೆ.

ಒಂದೇ ಮನೆಯ ಎರಡು ಒಲೆ

ಅಲ್ಲಿಯ ಬಲಪಂಥೀಯರು ತಮ್ಮನ್ನು ‘ಕನ್ಸರ್ವೇಟಿವ್’ ಅಂತ ಕರೆದುಕೊಳ್ತಾರೆ. ನಮ್ಮ ಪತ್ರಿಕೆಗಳು ಸಂಪ್ರದಾಯವಾದಿಗಳು ಅಂತ ಬರೆಯುತ್ತವೆ. ವಿಲಿಯಂ ಬಕ್ಲಿ ಎಂಬಾತ 1955ರಲ್ಲಿ ‘ನ್ಯಾಷನಲ್ ರಿವ್ಯೂ’ ಎಂಬ ಪತ್ರಿಕೆ ಆರಂಭಿಸಿ ಇವರನ್ನೆಲ್ಲ ಒಂದು ಸೂರಿನಡಿ ತಂದ. ಸೂರಿನಡಿ ಇದ್ದವರಲ್ಲಿ ಎರಡು ಬಗೆಯವರು ಮುಖ್ಯ. ಒಬ್ಬರು, ಸರ್ಕಾರ ವ್ಯಾಪಾರದಲ್ಲಿ ಕೈಹಾಕಬಾರದು, ಮಾರುವವನು ಕೊಳ್ಳುವವನು ಸ್ವತಂತ್ರರು ಅನ್ನುವವರು. ಇನ್ನೊಬ್ಬರು, ರಷ್ಯಾದ ಕಮ್ಯುನಿಸಂ ಲೋಕಕ್ಕೇ ಕೇಡು, ಅದನ್ನು ಮಣಿಸುವುದಕ್ಕೆ ಏನು ಮಾಡಿದರೂ ಸರಿ ಅನ್ನುವವರು. ವರ್ಷಗಟ್ಟಲೆ ಈ ಎರಡು ಮಾತೂ ಜೊತೆಜೊತೆಗೇ ನಡೆದುಕೊಂಡು ಬಂದವು. ರಷ್ಯಾಕ್ಕೆ ಗೋಧಿ ಮಾರಬೇಕೋ ಬೇಡವೋ ಅನ್ನುವ ಪ್ರಶ್ನೆ ಬಂದಾಗ ಒಲೆ ಎರಡಾಯಿತು.

ಅದಕ್ಕೂ ಮೊದಲಿನ ಕಥೆ ಸ್ವಲ್ಪ ಗೊತ್ತಿರಬೇಕು. 1972ರಲ್ಲಿ ರಷ್ಯಾದ ಬೆಳೆ ಕೆಟ್ಟು ಅವರು ಅಮೆರಿಕಾದ ಗೋಧಿಯನ್ನು ಭಾರೀ ಪ್ರಮಾಣದಲ್ಲಿ ಕೊಂಡರು. ಬೆಲೆ ಜಿಗಿಯಿತು. ಆಗಿನ ಕೃಷಿ ಮಂತ್ರಿ ಅರ್ಲ್ ಬಟ್ಸ್ ರೈತರಿಗೆ ಒಂದಿಂಚೂ ಬಿಡದೆ ಈ ಬೇಲಿಯಿಂದ ಆ ಬೇಲಿಯವರೆಗೆ ಬಿತ್ತಿ ಅಂತ ಹುರಿದುಂಬಿಸಿದ. ಬ್ಯಾಂಕುಗಳು ಸಾಲ ಕೊಟ್ಟವು. ರೈತರು ಟ್ರಾಕ್ಟರು ಕೊಂಡರು, ಪಕ್ಕದ ಜಮೀನು ಕೊಂಡರು, ಜಮೀನಿನ ಬೆಲೆ ಏರಿದ್ದೇ ತಡ ಅದನ್ನೇ ಅಡವಿಟ್ಟು ಇನ್ನಷ್ಟು ಸಾಲ ತಂದರು. 1975ರಲ್ಲಿ ಎರಡೂ ದೇಶಗಳ ನಡುವೆ ಐದು ವರ್ಷದ ಒಪ್ಪಂದ ಆಯಿತು. ರಷ್ಯಾ ವರ್ಷಕ್ಕೆ ಕನಿಷ್ಠ 60 ಲಕ್ಷ ಟನ್ ಧಾನ್ಯ ಕೊಳ್ಳಬೇಕು, 80 ಲಕ್ಷ ಟನ್‌ವರೆಗೆ ಯಾರನ್ನೂ ಕೇಳದೆ ಕೊಳ್ಳಬಹುದು. 1979ರ ಅಕ್ಟೋಬರಿನಲ್ಲಿ ಅಮೆರಿಕಾ ಸರ್ಕಾರವೇ ಈ ಸಲ ಎರಡೂವರೆ ಕೋಟಿ ಟನ್‌ವರೆಗೆ ಕೊಳ್ಳಬಹುದು ಅಂತ ಒಪ್ಪಿಗೆ ಕೊಟ್ಟಿತು. ಅದನ್ನು ನಂಬಿ ರೈತ ಮಾಲು ಹಿಡಿದುಕೊಂಡು ಕೂತ.

ಹಾಗಂತ ಅಲ್ಲಿಯ ರೈತರು ಆಗ ಸುಖವಾಗಿದ್ದರು ಅಂದುಕೊಳ್ಳಬೇಡಿ. 1977ರಲ್ಲೇ ಕೊಲೊರಾಡೊ ರಾಜ್ಯದ ಕ್ಯಾಂಪೊ ಎಂಬ ಸಣ್ಣ ಊರಿನಲ್ಲಿ ‘ಅಮೆರಿಕನ್ ಅಗ್ರಿಕಲ್ಚರ್ ಮೂವ್‌ಮೆಂಟ್’ ಹುಟ್ಟಿತ್ತು. 1979ರ ಫೆಬ್ರವರಿಯಲ್ಲಿ ಅವರು ಟ್ರಾಕ್ಟರುಗಳನ್ನೇ ವಾಷಿಂಗ್ಟನ್ನಿಗೆ ಓಡಿಸಿಕೊಂಡು ಬಂದರು. ಅವರ ಬೇಡಿಕೆ ಏನು ಗೊತ್ತೆ? ‘ಪ್ಯಾರಿಟಿ’. ಅಂದರೆ 1910ರಿಂದ 14ರವರೆಗೆ ಒಂದು ಮೂಟೆ ಧಾನ್ಯ ಮಾರಿ ಬಂದ ಹಣದಲ್ಲಿ ಏನೇನು ಕೊಳ್ಳಬಹುದಿತ್ತೋ ಅಷ್ಟನ್ನೇ ಇವತ್ತೂ ಕೊಳ್ಳುವಂತಿರಬೇಕು. ನಾವು ವೈಜ್ಞಾನಿಕ ಬೆಲೆ ಅಂತ ಕೂಗ್ತೀವಲ್ಲ, ಅದರ ಅಣ್ಣನೋ ತಮ್ಮನೋ ಅನ್ನಿ.

ಜನವರಿ 4ರ ರಾತ್ರಿ

1979ರ ಡಿಸೆಂಬರಿನಲ್ಲಿ ರಷ್ಯಾದ ಸೈನ್ಯ ಅಫ್ಘಾನಿಸ್ತಾನಕ್ಕೆ ನುಗ್ಗಿತು. ಅದು ಅನ್ಯಾಯ. ಅದರಲ್ಲಿ ಎರಡು ಮಾತಿಲ್ಲ. 1980ರ ಜನವರಿ 4ರಂದು ಅಧ್ಯಕ್ಷ ಜಿಮ್ಮಿ ಕಾರ್ಟರ್ ಟೆಲಿವಿಷನ್ನಿನಲ್ಲಿ ಬಂದು, ಒಪ್ಪಂದದ 80 ಲಕ್ಷ ಟನ್ ಬಿಟ್ಟು ಉಳಿದ 1 ಕೋಟಿ 70 ಲಕ್ಷ ಟನ್ ಧಾನ್ಯ ರಷ್ಯಾಕ್ಕೆ ಹೋಗುವುದಿಲ್ಲ ಅಂತ ಸಾರಿದ. ಕಾರ್ಟರ್ ಸ್ವತಃ ಕಡಲೆಕಾಯಿ ಬೆಳೆಯುವ ಮನೆತನದವನು ಅನ್ನೋದು ನೆನಪಿರಲಿ. ಷಿಕಾಗೋ ಮುಂತಾದ ಕಡೆ ಧಾನ್ಯದ ವಾಯಿದೆ ವ್ಯಾಪಾರವನ್ನು ಸರ್ಕಾರವೇ ಎರಡು ದಿನ ನಿಲ್ಲಿಸಿತು. ಬಾಗಿಲು ತೆರೆದಾಗ ಬೆಲೆ ಕುಸಿಯಿತು.

ಈಗ ಗಮನಿಸಿ, ಪರಿಹಾರ ಯಾರಿಗೆ ಹೇಗೆ ಸಿಕ್ಕಿತು ಅಂತ. ರಷ್ಯಾಕ್ಕೆ ಮಾರಲು ಕರಾರು ಮಾಡಿಕೊಂಡಿದ್ದ ದೊಡ್ಡ ರಫ್ತು ಕಂಪನಿಗಳಿದ್ದವಲ್ಲ, ಅವುಗಳ ಕರಾರನ್ನು ಸರ್ಕಾರವೇ ವಹಿಸಿಕೊಂಡಿತು. ಕಂಪನಿಗೆ ನಷ್ಟವಾಗಬಾರದು ಅಂತ. ರೈತನಿಗೆ? ಒಂದಷ್ಟು ಗೋಧಿಯನ್ನು ಸರ್ಕಾರ ಕೊಂಡಿತು ನಿಜ. ಉಳಿದಂತೆ, ಧಾನ್ಯವನ್ನು ಉಗ್ರಾಣದಲ್ಲಿಟ್ಟು ಅದರ ಮೇಲೆ ತೆಗೆಯುವ ಸಾಲದ ದರವನ್ನು ಸ್ವಲ್ಪ ಏರಿಸಿತು. ಕಂಪನಿಗೆ ಕರಾರಿನ ರಕ್ಷಣೆ, ರೈತನಿಗೆ ಇನ್ನೊಂದು ಸಾಲ. ಅದೂ ಯಾವ ಕಾಲದಲ್ಲಿ? ಹಣದುಬ್ಬರ ತಡೆಯುವುದಕ್ಕೆ ಅಲ್ಲಿಯ ಕೇಂದ್ರ ಬ್ಯಾಂಕು ಬಡ್ಡಿ ಏರಿಸುತ್ತಿದ್ದ ಕಾಲ. 1980ರ ಏಪ್ರಿಲ್ ಹೊತ್ತಿಗೆ ಬ್ಯಾಂಕುಗಳು ತಮ್ಮ ಅತಿ ನಂಬಿಕೆಯ ಗಿರಾಕಿಗಳಿಗೇ ನೂರಕ್ಕೆ 20ರ ಬಡ್ಡಿ ಹಾಕುತ್ತಿದ್ದವು.

ಕಾರ್ಟರನ ವಾದವನ್ನೂ ನ್ಯಾಯವಾಗಿ ಹೇಳಬೇಕು. ಯುದ್ಧ ಮಾಡದೆ, ಬರೀ ಖಂಡನೆ ಮಾಡಿ ಕೈಕಟ್ಟಿ ಕೂರದೆ, ನಡುವಿನ ದಾರಿ ಇದೊಂದೇ ಅಂತ ಅವನ ವಾದ. ಮಾಸ್ಕೋ ಒಲಿಂಪಿಕ್ ಬಹಿಷ್ಕಾರವನ್ನೂ ಮಾಡಿದ, ಯಂತ್ರ ತಂತ್ರಜ್ಞಾನದ ಮಾರಾಟಕ್ಕೂ ತಡೆ ಹಾಕಿದ. ಆದರೆ ಹಣದ ಲೆಕ್ಕದಲ್ಲಿ ದೊಡ್ಡ ಹೊರೆ ಬಿದ್ದದ್ದು ಧಾನ್ಯದ ಮೇಲೆ. ರಷ್ಯಾ ಸುಮ್ಮನಿತ್ತೆ? ಅರ್ಜೆಂಟೀನ ಈ ನಿಷೇಧಕ್ಕೆ ಸೇರುವುದಿಲ್ಲ ಅಂತ ಹೇಳಿ ತನ್ನ ಧಾನ್ಯವನ್ನು ರಷ್ಯಾಕ್ಕೆ ತಿರುಗಿಸಿತು. ಆಗ ಅರ್ಜೆಂಟೀನವನ್ನು ಆಳುತ್ತಿದ್ದವರು ಕಮ್ಯುನಿಸ್ಟರನ್ನು ಕಂಡರೆ ಉರಿದುಬೀಳುವ ಮಿಲಿಟರಿ ಜನರಲ್ಲುಗಳು! ವ್ಯಾಪಾರದ ಮುಂದೆ ಅದು ಯಾವುದೂ ಅಡ್ಡ ಬರಲಿಲ್ಲ. ಮಾಂಸ ಹಾಲಿಗೆ ರಷ್ಯಾದಲ್ಲಿ ತೊಂದರೆಯಾಯಿತೇ ಹೊರತು ಸೈನ್ಯ ಅಫ್ಘಾನಿಸ್ತಾನ ಬಿಟ್ಟು ಕದಲಲಿಲ್ಲ. ಅದು ಪೂರ್ತಿ ಹೊರಟದ್ದು 1989ರಲ್ಲಿ.

ನಮ್ಮಲ್ಲಿ ಒಂದು ಗಾದೆ ಇದೆ, ಅತ್ತೆ ಒಡವೆಯನ್ನು ಅಳಿಯ ದಾನ ಮಾಡಿದ ಹಾಗೆ ಅಂತ. ಶೌರ್ಯದ ಕೀರ್ತಿ ಸರ್ಕಾರಕ್ಕೆ, ಒಡವೆ ರೈತನದ್ದು.

ರೇಗನ್ ಬಂದ, ಜಗಳ ತಂದ

1980 ಅಲ್ಲಿ ಚುನಾವಣೆಯ ವರ್ಷ. ನಿಷೇಧ ಘೋಷಣೆಯಾದ ಮರುದಿನವೇ, ಜನವರಿ 5ರಂದು, ಮುಸುಕಿನ ಜೋಳದ ನಾಡಾದ ಅಯೋವಾದಲ್ಲಿ ರಿಪಬ್ಲಿಕನ್ ಪಕ್ಷದ ಅಭ್ಯರ್ಥಿಗಳ ಚರ್ಚೆ ನಡೆಯಿತು. ವೇದಿಕೆಯಲ್ಲಿದ್ದವರ ಪೈಕಿ ನಿಷೇಧ ಸರಿ ಅಂದವನು ಒಬ್ಬನೇ, ಜಾನ್ ಆಂಡರ್ಸನ್. ಅವನು ಆ ಪಕ್ಷದಲ್ಲಿ ಉದಾರವಾದಿ ಅನ್ನಿಸಿಕೊಂಡವನು. ಕಮ್ಯುನಿಸ್ಟರ ಮೇಲೆ ದಿನಾ ಗುಡುಗುತ್ತಿದ್ದವರೆಲ್ಲ ಅಂದು ಗೋಧಿ ಮಾರಾಟದ ಪರ! ಆ ಚರ್ಚೆಗೆ ರೊನಾಲ್ಡ್ ರೇಗನ್ ಬರಲಿಲ್ಲ, ಆದರೆ ಅವನೂ ನಿಷೇಧದ ವಿರುದ್ಧ ಮಾತಾಡಿದ. ದೇಶಕ್ಕಾಗಿ ತ್ಯಾಗ ಮಾಡಬೇಕಾದರೆ ಎಲ್ಲರೂ ಮಾಡಲಿ, ರೈತನೊಬ್ಬನೇ ಏಕೆ ಅಂತ ಅವನ ವಾದ. ಒಂದು ಮಾತು ಅಯೋವಾ ಜನರ ಬಗ್ಗೆ ಹೇಳಲೇಬೇಕು. ಡೆಮಾಕ್ರಟಿಕ್ ಪಕ್ಷದೊಳಗೆ ಎಡ್ವರ್ಡ್ ಕೆನಡಿ ನಿಷೇಧವನ್ನು ವಿರೋಧಿಸಿ ಕಾರ್ಟರ್ ಎದುರು ನಿಂತ. ಆದರೂ ಜನವರಿ 21ರಂದು ಅಯೋವಾದಲ್ಲಿ ಆ ಪಕ್ಷದವರು ಗೆಲ್ಲಿಸಿದ್ದು ಕಾರ್ಟರನನ್ನೇ. ರೈತರ ನಾಡಿನವರಿಗೆ ದೇಶಭಕ್ತಿ ಇಲ್ಲ ಅಂತ ಯಾರೂ ಹೇಳುವ ಹಾಗಿಲ್ಲ.

ರೇಗನ್ ಗೆದ್ದು 1981ರ ಜನವರಿಯಲ್ಲಿ ಅಧಿಕಾರಕ್ಕೆ ಬಂದ. ಕೂಡಲೇ ನಿಷೇಧ ತೆಗೆಯಬೇಕಿತ್ತಲ್ಲ? ತೆಗೆಯಲಿಲ್ಲ. ಮಂತ್ರಿಮಂಡಲದೊಳಗೇ ಎರಡು ಪಾಳಯ. ವಿದೇಶಾಂಗ ಮಂತ್ರಿ ಅಲೆಕ್ಸಾಂಡರ್ ಹೇಗ್ ಸೈನ್ಯದ ಜನರಲ್ ಆಗಿದ್ದವನು. ಈಗ ನಿಷೇಧ ತೆಗೆದರೆ ರಷ್ಯಾ ನಮ್ಮನ್ನು ಹಗುರವಾಗಿ ಕಾಣುತ್ತದೆ ಅಂದ. ಕೃಷಿ ಮಂತ್ರಿ ಜಾನ್ ಬ್ಲಾಕ್ ಇಲಿನಾಯ್ ರಾಜ್ಯದಲ್ಲಿ ಜೋಳ ಬೆಳೆದು ಹಂದಿ ಸಾಕುತ್ತಿದ್ದವನು. ತೆಗೆಯಲೇಬೇಕು ಅಂದ. ಕೊನೆಗೆ ಏಪ್ರಿಲ್ 24ರಂದು ರೇಗನ್ ನಿಷೇಧ ತೆಗೆದ. ಅಂಕಣಕಾರರಿಗೆ ಸಿಟ್ಟು ಬಂತು. ಕಮ್ಯುನಿಸಂ ವಿರುದ್ಧ ಇವನಷ್ಟು ಮಾತಾಡಿದವರಿಲ್ಲ, ಈಗ ಅವರಿಗೇ ರೊಟ್ಟಿ ಹಾಕುತ್ತಾನೆ ಅಂತ. ಸರ್ಕಾರದ ಸಮರ್ಥನೆ ಬೇರೆ ಇತ್ತು. ಯಂತ್ರ ಮಾರಿದರೆ ಶತ್ರುವಿನ ಬಲ ಹೆಚ್ಚುತ್ತೆ, ಧಾನ್ಯ ಮಾರಿದರೆ ಅವನ ಚಿನ್ನ, ಡಾಲರು ಖಾಲಿಯಾಗುತ್ತೆ ಅಂತ. ಎರಡೂ ವಾದದಲ್ಲಿ ತಿರುಳಿದೆ. ಆದರೆ ಕಠಿಣವಾಗಿರಿ ಅಂತ ಬರೆದ ಅಂಕಣಕಾರರಿಗೆ ಅಂಕಣದ ಸಂಭಾವನೆ ಅದೇ ಬರುತ್ತಿತ್ತು. ಗೋಧಿ ಕಡಿಮೆ ಬೆಲೆಗೆ ಮಾರಿದ್ದು ಬೇರೆಯವನು.

ಪೋಲೆಂಡಿನ ಸಾಲ, ಅಯೋವಾದ ಸಾಲ

ಈಗ ನಮ್ಮ ಪತ್ರಿಕೆಗೆ ಹತ್ತಿರವಾದ ಸಂಗತಿಗೆ ಬರ್ತೀನಿ. 1981ರ ಡಿಸೆಂಬರ್ 13ರಂದು ಪೋಲೆಂಡಿನ ಕಮ್ಯುನಿಸ್ಟ್ ಸರ್ಕಾರ ಮಿಲಿಟರಿ ಕಾನೂನು ಹೇರಿ ‘ಸಾಲಿಡಾರಿಟಿ’ ಕಾರ್ಮಿಕ ಸಂಘದವರನ್ನು ಜೈಲಿಗೆ ತಳ್ಳಿತು. ಪೋಲೆಂಡ್ ಪಾಶ್ಚಿಮಾತ್ಯ ಬ್ಯಾಂಕುಗಳಲ್ಲಿ ಕುತ್ತಿಗೆವರೆಗೂ ಸಾಲ ಮಾಡಿತ್ತು. ಅದರಲ್ಲಿ ಅಮೆರಿಕಾದ ಕೃಷಿ ಪದಾರ್ಥ ಕೊಳ್ಳಲು ತೆಗೆದ ಸಾಲವೂ ಸೇರಿತ್ತು. ಅದಕ್ಕೆ ಅಮೆರಿಕಾ ಸರ್ಕಾರದ್ದೇ ಜಾಮೀನು. ಕಂತು ಬಂತು, ಪೋಲೆಂಡ್ ಕಟ್ಟಲಿಲ್ಲ.

ಬಲಪಂಥೀಯ ಅಂಕಣಕಾರರು, ಪೋಲೆಂಡನ್ನು ದಿವಾಳಿ ಅಂತ ಘೋಷಿಸಿ, ಅದಕ್ಕೆ ಇನ್ನು ಒಂದು ಕಾಸೂ ಹುಟ್ಟದ ಹಾಗೆ ಮಾಡಿ ಅಂತ ಒತ್ತಾಯ ಮಾಡಿದರು. ರೇಗನ್ ಸರ್ಕಾರ ಹಾಗೆ ಮಾಡಲಿಲ್ಲ. 1982ರ ಆರಂಭದಲ್ಲಿ ದಿವಾಳಿಯ ಘೋಷಣೆ ಇಲ್ಲದೆಯೇ 7 ಕೋಟಿ 10 ಲಕ್ಷ ಡಾಲರನ್ನು ತಾನೇ ಬ್ಯಾಂಕುಗಳಿಗೆ ಕಟ್ಟಿತು. ಪೋಲೆಂಡ್ ದಿವಾಳಿ ಅಂದರೆ ಸಾಲ ಕೊಟ್ಟ ಬ್ಯಾಂಕುಗಳೂ ಅಲುಗಾಡುತ್ತವೆ ಅನ್ನುವ ಭಯ. ಜಾರ್ಜ್ ವಿಲ್ ಎಂಬ ಹೆಸರಾಂತ ಅಂಕಣಕಾರ ರೇಗನ್ನನ ಪರವಾಗಿದ್ದವನೇ. ಅವನೇ ಆಗ, ಈ ಸರ್ಕಾರಕ್ಕೆ ಕಮ್ಯುನಿಸಂ ಮೇಲಿನ ದ್ವೇಷಕ್ಕಿಂತ ವ್ಯಾಪಾರದ ಮೇಲಿನ ಪ್ರೀತಿ ದೊಡ್ಡದು ಎಂಬರ್ಥದಲ್ಲಿ ಚುಚ್ಚಿದ. ನಾರ್ಮನ್ ಪೊಡೊರೆಟ್ಸ್ ಎಂಬ ಇನ್ನೊಬ್ಬ ಬರಹಗಾರ 1982ರ ಮೇ ತಿಂಗಳಲ್ಲಿ ‘ನ್ಯೂಯಾರ್ಕ್ ಟೈಮ್ಸ್’ನ ವಾರದ ಸಂಚಿಕೆಯಲ್ಲಿ ರೇಗನ್ನನ ವಿದೇಶಾಂಗ ನೀತಿ ನೋಡಿ ತನಗೆ ಸಂಕಟವಾಗಿದೆ ಅಂತ ಉದ್ದಕ್ಕೆ ಬರೆದ. ಅದೇ ವರ್ಷ ರೇಗನ್, ರಷ್ಯಾದಿಂದ ಯುರೋಪಿಗೆ ಬರುವ ಗ್ಯಾಸ್ ಕೊಳವೆ ಮಾರ್ಗಕ್ಕೆ ಯಂತ್ರ ಕೊಡಬೇಡಿ ಅಂತ ಯುರೋಪಿನ ಮಿತ್ರರನ್ನು ತಡೆಯಲು ಹೋದ. ನೀವು ಗೋಧಿ ಮಾರಬಹುದು, ನಾವು ಯಂತ್ರ ಮಾರಬಾರದೋ ಅಂತ ಅವರು ತಿರುಗಿಬಿದ್ದರು. ನವೆಂಬರಿನಲ್ಲಿ ಆ ತಡೆಯನ್ನೂ ತೆಗೆಯಬೇಕಾಯಿತು.

ಇಲ್ಲಿ ನಿಲ್ಲಿ. ಪೋಲೆಂಡ್ ಸರ್ಕಾರ ಕಂತು ಕಟ್ಟದಿದ್ದಾಗ ಅದರ ಮಾನ ಹೋಗದ ಹಾಗೆ ನೋಡಿಕೊಂಡರು. ಅದೇ ವರ್ಷಗಳಲ್ಲಿ ಅಮೆರಿಕಾದ ರೈತ ಕಂತು ಕಟ್ಟದಿದ್ದಾಗ ಏನಾಯಿತು? ಜಮೀನು ಹರಾಜು. ಬೆಲೆ ಇಲ್ಲ, ಬಡ್ಡಿ ವಿಪರೀತ, ಜಮೀನಿನ ಮೌಲ್ಯವೂ ಕುಸಿಯಿತು. ಅಯೋವಾದಲ್ಲಿ 1981ರಲ್ಲಿ ಸರಾಸರಿ ಎಕರೆಗೆ 2147 ಡಾಲರ್ ಇದ್ದ ಜಮೀನು 1986ರ ಹೊತ್ತಿಗೆ 787 ಡಾಲರಿಗೆ ಇಳಿಯಿತು. ಅಡವಿಟ್ಟ ವಸ್ತುವೇ ಕರಗಿದ ಮೇಲೆ ಬ್ಯಾಂಕು ಸುಮ್ಮನಿರುತ್ತದೆಯೆ? ಸರ್ಕಾರಿ ಸಾಲ ಸಂಸ್ಥೆಯ ಸಾಲವನ್ನು ಕಷ್ಟಕಾಲದಲ್ಲಿ ಮುಂದೂಡಲು 1978ರಿಂದಲೇ ಕಾನೂನಿನಲ್ಲಿ ಅವಕಾಶವಿತ್ತು. ಆದರೆ ಅದನ್ನು ರೈತನಿಗೆ ತಿಳಿಸುವ ಗೋಜಿಗೆ ಯಾರೂ ಹೋಗಿರಲಿಲ್ಲ. ನಾರ್ತ್ ಡಕೋಟಾದ ಕೆಲವು ರೈತರು ಕೋರ್ಟಿಗೆ ಹೋದರು. 1983ರಲ್ಲಿ ಕೋರ್ಟು ಇಡೀ ದೇಶದಲ್ಲಿ ಇಂಥ ಹರಾಜುಗಳಿಗೆ ತಡೆ ಕೊಟ್ಟಿತು. ಆ ದಾವೆಯಲ್ಲಿ ಪ್ರತಿವಾದಿ ಯಾರು ಅಂದರೆ ಅದೇ ಕೃಷಿ ಮಂತ್ರಿ ಬ್ಲಾಕ್!

ಇಷ್ಟೂ ಅನರ್ಥಕ್ಕೆ ಧಾನ್ಯ ನಿಷೇಧವೊಂದೇ ಕಾರಣ ಅಂತ ನಾನು ಹೇಳೋದಿಲ್ಲ. ಹಾಗೆ ಹೇಳಿದರೆ ಸುಳ್ಳಾಗುತ್ತೆ. 1980ರ ಬೇಸಿಗೆಯಲ್ಲಿ ಅಲ್ಲಿ ಬರ ಬಿದ್ದು ಬೆಲೆ ಮತ್ತೆ ಏರಿತ್ತು, ರಷ್ಯಾಕ್ಕೆ ಹೋಗದ ಧಾನ್ಯ ಬೇರೆ ದೇಶಗಳಿಗೆ ಹೋಗಿತ್ತು. ಬಡ್ಡಿ, ಡಾಲರಿನ ದುಬಾರಿ ಬೆಲೆ, ಅತಿಯಾದ ಸಾಲ ಇವು ದೊಡ್ಡ ಕಾರಣಗಳು. ನಿಷೇಧ ಕಳೆದದ್ದು ನಂಬಿಕೆಯನ್ನು. 1973ರಲ್ಲಿ ನಿಕ್ಸನ್ ಸರ್ಕಾರ ಸೋಯಾ ರಫ್ತನ್ನು ಕೆಲವು ಕಾಲ ತಡೆದಾಗ ಜಪಾನಿನವರು ಅಮೆರಿಕಾವನ್ನೇ ನೆಚ್ಚಿಕೊಂಡರೆ ಕೆಟ್ಟೆವು ಅಂತ ಬ್ರೆಜಿಲಿನ ಕಡೆ ತಿರುಗಿದರು. 1980ರಲ್ಲಿ ರಷ್ಯಾದವರೂ ಅದನ್ನೇ ಮಾಡಿದರು. ಒಮ್ಮೆ ಬೇರೆ ಅಂಗಡಿಯ ದಾರಿ ಕಂಡುಕೊಂಡ ಗಿರಾಕಿ ಹಳೇ ಅಂಗಡಿಗೆ ಬರೋದು ಕಷ್ಟ.

ಅಲ್ಲಿಯ ರೈತರು ಗಿಟ್ಟಿಸಿಕೊಂಡದ್ದು

ಅಮೆರಿಕಾದ ರೈತರು ರಷ್ಯಾ ಒಳ್ಳೆಯದೋ ಕೆಟ್ಟದ್ದೋ ಎಂಬ ಚರ್ಚೆಯಲ್ಲಿ ಮುಳುಗಿ ಕೂರಲಿಲ್ಲ. ನಿಮ್ಮ ನೀತಿ ನೀವು ಮಾಡಿ, ಖರ್ಚು ಖಜಾನೆಯಿಂದ ಬರಲಿ ಅಂದರು. ಅದರ ಫಲವಾಗಿ 1981ರ ಕೃಷಿ ಕಾನೂನಿನಲ್ಲಿ ಒಂದು ಕಲಮು ಸೇರಿತು. ವಿದೇಶಾಂಗ ನೀತಿ ಅಥವಾ ದೇಶದ ಭದ್ರತೆಯ ಹೆಸರಿನಲ್ಲಿ, ಬೇರೆ ವಸ್ತುಗಳ ವ್ಯಾಪಾರ ನಡೆಯುತ್ತಿರುವಾಗಲೇ, ಕೃಷಿ ಪದಾರ್ಥದ ರಫ್ತನ್ನು ಮಾತ್ರ ಒಂದು ದೇಶಕ್ಕೆ ತಡೆದರೆ, ಕೆಲವು ಷರತ್ತಿಗೆ ಒಳಪಟ್ಟು, ರೈತನಿಗೆ ಪೂರ್ತಿ ಪ್ಯಾರಿಟಿಯ ಮಟ್ಟದಲ್ಲಿ ಪರಿಹಾರ ಕೊಡಬೇಕು. ಮುಂದೆ ಆದ ಇನ್ನೊಂದು ಕಾನೂನಿನಲ್ಲಿ, ಆಗಲೇ ಕರಾರಾಗಿ 270 ದಿನದೊಳಗೆ ರವಾನೆಯಾಗುವ ಧಾನ್ಯವನ್ನು ತಡೆಯಬಾರದು ಅಂತ ಬಂತು. 1983ರ ಆಗಸ್ಟಿನಲ್ಲಿ ರಷ್ಯಾದೊಂದಿಗೆ ಹೊಸ ಒಪ್ಪಂದವಾಗಿ ಕನಿಷ್ಠ ಖರೀದಿ ವರ್ಷಕ್ಕೆ 90 ಲಕ್ಷ ಟನ್ನಿಗೆ ಏರಿತು. ಟ್ರಾಕ್ಟರು ಓಡಿಸಿಕೊಂಡು ರಾಜಧಾನಿಗೆ ಹೋದದ್ದು ದಂಡವಾಗಲಿಲ್ಲ ನೋಡಿ.

ಆ ಮೇಲೂ ಕಥೆ ಮುಗಿಯಲಿಲ್ಲ. 2018ರಲ್ಲಿ ಟ್ರಂಪ್ ಸರ್ಕಾರ ಚೀನಾದ ಸರಕಿನ ಮೇಲೆ ಸುಂಕ ಹಾಕಿತು. ಜುಲೈನಲ್ಲಿ ಚೀನಾ ಅಮೆರಿಕಾದ ಸೋಯಾ ಮೇಲೆ ನೂರಕ್ಕೆ 25 ಸುಂಕ ಹಾಕಿ ಬ್ರೆಜಿಲಿನ ಕಡೆ ಹೋಯಿತು. ಬಲಪಂಥೀಯರು ಮತ್ತೆ ಎರಡು ಭಾಗ. ಚೀನಾವನ್ನು ಬಗ್ಗಿಸಬೇಕು ಅಂತ ಒಂದು ಗುಂಪು. ಸುಂಕ ಅಂದರೆ ನಮ್ಮ ಜನರ ಮೇಲೇ ಹಾಕಿದ ತೆರಿಗೆ ಅಂತ ‘ವಾಲ್ ಸ್ಟ್ರೀಟ್ ಜರ್ನಲ್’ನ ಸಂಪಾದಕೀಯದಂಥವರದು ಇನ್ನೊಂದು ಗುಂಪು. ಆದರೆ ಈ ಸಲ ಸರ್ಕಾರ ರೈತರ ನಷ್ಟಕ್ಕೆಂದು 2018ರಲ್ಲಿ 1200 ಕೋಟಿ ಡಾಲರ್, 2019ರಲ್ಲಿ 1600 ಕೋಟಿ ಡಾಲರ್‌ವರೆಗೆ ಘೋಷಿಸಲೇಬೇಕಾಯಿತು. ಆ ಹಣದಲ್ಲಿ ದೊಡ್ಡ ಹಿಡುವಳಿಯವರಿಗೇ ದೊಡ್ಡ ಪಾಲು ಹೋಯಿತು ಅನ್ನುವ ದೂರೂ ಇದೆ. ಅದಿರಲಿ. ರೈತನಿಗೆ ಕೊಡದೆ ದಾರಿಯಿಲ್ಲ ಅನ್ನುವ ಸ್ಥಿತಿ ಅಲ್ಲಿ ಇತ್ತು.

ನಮ್ಮ ಕಡೆ ಹೇಗಿದೆ?

ಧಾನ್ಯದ ಹಗ್ಗ ನಮ್ಮ ಕುತ್ತಿಗೆಗೂ ಬಿದ್ದದ್ದುಂಟು. 1965 ಮತ್ತು 66ರ ಬರಗಾಲದಲ್ಲಿ ಪಿ.ಎಲ್. 480ರ ಗೋಧಿಗಾಗಿ ಕಾಯುತ್ತಿದ್ದ ನಮ್ಮ ದೇಶವನ್ನು ಅಧ್ಯಕ್ಷ ಜಾನ್ಸನ್ ತಿಂಗಳು ತಿಂಗಳು ಲೆಕ್ಕದಲ್ಲಿ ಹಡಗು ಬಿಟ್ಟು ಆಟವಾಡಿಸಿದ. ವಿಯೆಟ್ನಾಂ ಯುದ್ಧದ ಬಗ್ಗೆ ಭಾರತ ಆಡಿದ ಮಾತು ಅವನಿಗೆ ಹಿಡಿಸಿರಲಿಲ್ಲ. ಶಾಲೆಯಲ್ಲಿ ಕೊಡುತ್ತಿದ್ದ ಹಳದಿ ಉಪ್ಪಿಟ್ಟಿನ ರುಚಿ ನನ್ನ ವಯಸ್ಸಿನವರಿಗೆ ಇನ್ನೂ ನೆನಪಿದೆ. ಅದರ ಹಿಂದೆ ಇಷ್ಟು ರಾಜಕೀಯ ಇತ್ತು ಅಂತ ಆಗ ಯಾರಿಗೆ ಗೊತ್ತಿತ್ತು?

ಈಗ ನಾವು ರಫ್ತು ಮಾಡುವ ದೇಶ. ಹಗ್ಗ ನಮ್ಮ ಸರ್ಕಾರದ ಕೈಯಲ್ಲಿದೆ. 2022ರ ಮೇ 13ರಂದು ಗೋಧಿ ರಫ್ತು ನಿಷೇಧ. 2023ರ ಜುಲೈನಲ್ಲಿ ಬಾಸ್ಮತಿಯಲ್ಲದ ಬಿಳಿ ಅಕ್ಕಿ ನಿಷೇಧ. ಆಗಸ್ಟಿನಲ್ಲಿ ಈರುಳ್ಳಿಗೆ ನೂರಕ್ಕೆ 40 ರಫ್ತು ಸುಂಕ. ಕೋಲಾರ, ಚಿಕ್ಕಬಳ್ಳಾಪುರದವರು ಹೊರದೇಶಕ್ಕೆಂದೇ ಬೆಳೆಯುವ ಬೆಂಗಳೂರು ಗುಲಾಬಿ ಈರುಳ್ಳಿಗೂ ಅದು ಬಿತ್ತು. ಕೂಗಾಟವಾದ ಮೇಲೆ ಸೆಪ್ಟೆಂಬರ್ ಕೊನೆಗೆ ಅದಕ್ಕೆ ವಿನಾಯಿತಿ ಬಂತು. ಡಿಸೆಂಬರ್ 8ರಂದು ಈರುಳ್ಳಿ ರಫ್ತೇ ಬಂದ್. ಇದು ಸಡಿಲವಾದದ್ದು 2024ರ ಮೇ ತಿಂಗಳಲ್ಲಿ, ಅದೂ ಸುಂಕದೊಂದಿಗೆ. ಈ ನಿಷೇಧಗಳ ಉದ್ದೇಶ ಪಟ್ಟಣದ ಬೆಲೆ ಇಳಿಸುವುದು, ಯಾರನ್ನೋ ದಂಡಿಸುವುದಲ್ಲ. ಒಪ್ಪಿದೆ. ಆದರೆ ನಿಷೇಧದ ನಡುವೆಯೂ ಬಾಂಗ್ಲಾದೇಶ, ಅರಬ್ ಸಂಯುಕ್ತ ಸಂಸ್ಥಾನದಂಥ ಸ್ನೇಹಿತ ದೇಶಗಳಿಗೆ ಸರ್ಕಾರದ ಲೆಕ್ಕದಲ್ಲಿ ಈರುಳ್ಳಿ ಹೋಯಿತು. ಸ್ನೇಹ ಬೆಳೆಯಲಿ, ಬೇಡ ಅನ್ನೋದಿಲ್ಲ. ಸ್ನೇಹದ ಹೆಸರು ದೆಹಲಿಗೆ, ನಿಷೇಧದ ಬೆಲೆ ನಮಗೆ ಅಂದರೆ ಅದು ಮತ್ತೆ ಅತ್ತೆಯ ಒಡವೆಯ ಕಥೆಯೇ ತಾನೆ?

ನಮ್ಮ ಊರುಗಳಲ್ಲೂ ಈಗ ವಿದೇಶಾಂಗ ನೀತಿಯ ಚರ್ಚೆ ಜೋರಾಗಿದೆ. ಚಹಾ ಅಂಗಡಿಯಲ್ಲಿ ಕೂತು ಆ ದೇಶಕ್ಕೆ ಪಾಠ ಕಲಿಸಬೇಕು, ಈ ದೇಶದ ಸೊಕ್ಕು ಮುರಿಯಬೇಕು ಅಂತ ನಮ್ಮ ಹುಡುಗರು ಟಿವಿಯವರಿಗಿಂತ ಜೋರಾಗಿ ಮಾತಾಡ್ತಾರೆ. ಮಾತಾಡಲಿ. ದೇಶದ ಅಭಿಮಾನ ಎಲ್ಲರಿಗೂ ಇರಬೇಕು. ಆದರೆ ಪ್ರತಿಸಲವೂ ಒಂದು ಪ್ರಶ್ನೆ ಕೇಳುವ ಅಭ್ಯಾಸ ಮಾಡಿಕೊಳ್ಳಿ. ಇದರ ಖರ್ಚು ಯಾರ ಲೆಕ್ಕಕ್ಕೆ? ಉತ್ತರ ಹೇಳದವನು ಎಡದವನಾಗಲಿ ಬಲದವನಾಗಲಿ, ಅವನ ಮಾತಿಗೆ ಚಪ್ಪಾಳೆ ಹೊಡೆಯಬೇಡಿ.

ಶಿಬಿರದಲ್ಲಿ ನಾನು ಮುಂದಿಟ್ಟ ಮೂರು ಬೇಡಿಕೆಗಳನ್ನು ನಿಮ್ಮ ಮುಂದೆಯೂ ಇಡ್ತೀನಿ. ನಿಮ್ಮ ಗ್ರಾಮ ಘಟಕಗಳಲ್ಲಿ ಚರ್ಚಿಸಿ, ತಿದ್ದುಪಡಿ ಇದ್ದರೆ ಪತ್ರಿಕೆಗೆ ಬರೆಯಿರಿ.

1. ಯಾವ ಕಾರಣಕ್ಕೇ ಆಗಲಿ ರಫ್ತು ನಿಷೇಧಿಸಿದರೆ ಅಥವಾ ರಫ್ತು ಸುಂಕ ಹಾಕಿದರೆ, ಹಿಂದಿನ ದಿನದ ಮಾರುಕಟ್ಟೆ ಬೆಲೆಗೂ ಆಮೇಲಿನ ಬೆಲೆಗೂ ಇರುವ ವ್ಯತ್ಯಾಸವನ್ನು ಖಜಾನೆಯಿಂದ ರೈತನಿಗೆ ಕೊಡಬೇಕು. ಇದು ಸರ್ಕಾರದ ದಯೆಯಾಗಿರಬಾರದು, ಕಾನೂನಾಗಿರಬೇಕು.

2. ಬಿತ್ತನೆ ಆದ ಮೇಲೆ ಆ ಬೆಳೆಯ ಕಟಾವು ಮುಗಿದು ಮಾರಾಟವಾಗುವವರೆಗೆ ರಫ್ತಿನ ನಿಯಮ ಬದಲಿಸಬಾರದು. ಬದಲಿಸಿದರೆ ಆ ಬೆಳೆಯ ಮೇಲಿನ ಸಾಲದ ಬಡ್ಡಿಯನ್ನು ಸರ್ಕಾರ ಹೊರಬೇಕು.

3. ಸ್ನೇಹಿತ ದೇಶಗಳಿಗೆ ಸರ್ಕಾರದ ಲೆಕ್ಕದಲ್ಲಿ ಕಳಿಸುವ ಪದಾರ್ಥವನ್ನು ಯಾವ ಬೆಲೆಗೆ ಕೊಂಡರು, ಯಾವ ಬೆಲೆಗೆ ಕೊಟ್ಟರು ಅನ್ನುವ ಲೆಕ್ಕ ಬಹಿರಂಗವಾಗಬೇಕು.

ಅಯೋವಾದ ರೈತನಿಗೂ ನಮಗೂ ಹೋಲಿಕೆ ಎಲ್ಲಿ, ಅವನಿಗೆ ನೂರಾರು ಎಕರೆ ಅಂತ ನೀವು ಹೇಳಬಹುದು. ನೂರಾರು ಎಕರೆ ಇದ್ದವನಿಗೇ ಬೀದಿಗೆ ಬರಬೇಕಾದರೆ, ಸಂಘ ಕಟ್ಟಿ ಕಾನೂನು ಬರೆಸಬೇಕಾದರೆ, ಎರಡು ಮೂರು ಎಕರೆಯ ನಾವು ಸುಮ್ಮನೆ ಕೂತು ಗಿಟ್ಟಿಸುವುದು ಏನಿದೆ? ಬರುವ ತಿಂಗಳ ಸಭೆಗೆ ಈ ಬೇಡಿಕೆಗಳ ಮೇಲೆ ಸಹಿ ಹಾಕಿಸಿಕೊಂಡೇ ಬನ್ನಿ.